ಹಳೇ ಜೆಸಿಬಿನಾ, ಹಳೇ ಹಿಟಾಚಿನಾ? ಅಡ್ವಾನ್ಸ್ ಕೊಡುವ ಮೊದಲು ಓದಿ

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, 20 ಟನ್ನಿನ ಹಿಟಾಚಿ ಒಂದು ಸಿಗ್ತಾ ಇದೆ. ಜೆಸಿಬಿ ರೇಟಿಗೇ ಕೊಡ್ತೀನಿ ಅಂತಿದಾನೆ. ತಗೊಂಡುಬಿಡ್ಲಾ?" ಜೇಬಿನಲ್ಲಿ ಅಡ್ವಾನ್ಸ್ ಇಟ್ಟುಕೊಂಡೇ ಮಾತಾಡುತ್ತಿದ್ದಾನೆ ಅಂತ ಗೊತ್ತಾಯಿತು. "ನಿಮ್ಮೂರಿಂದ 30 ಕಿಲೋಮೀಟರ್ ಒಳಗೆ ಹೋದ ವರ್ಷ ಯಾರ್ಯಾರು ಮೆಷಿನ್ ಕರೆಸಿದ್ರು? ಹತ್ತು ಕೆಲಸ ಹೇಳು ನೋಡೋಣ" ಎಂದೆ. ನಾಲ್ಕು ಹೇಳಿದ. ಒಂದು ಮನೆ ಪಾಯ, ಒಂದು ಕೃಷಿ ಹೊಂಡ, ಎರಡು ಅಡಿಕೆ ತೋಟದ ಬಸಿಗಾಲುವೆ. "ಇದರಲ್ಲಿ 20 ಟನ್ನಿನ ಗಾಡಿಗೆ ಕೆಲಸ ಎಲ್ಲಿದೆಯೋ?" ಎಂದು ಕೇಳಿದರೆ ಆ ಕಡೆ ಸದ್ದೇ ಇಲ್ಲ.

ತರೀಕೆರೆ ಕಡೆ ನಾನು ಈ ಕೆಲಸಕ್ಕೆ ಇಳಿದು ಹದಿನಾಲ್ಕು ವರ್ಷ ಆಯಿತು. ಇದುವರೆಗೆ ಮೂರು ಗಾಡಿ ಕೊಂಡಿದ್ದೇನೆ, ಮೂರೂ ಸೆಕೆಂಡ್ ಹ್ಯಾಂಡ್. ಒಂದು ಮನೆ ಕಟ್ಟಿಸಿತು. ಇನ್ನೊಂದು ಬರೀ ಕಂತು ಕಟ್ಟಿಸಿತು. ಮೂರನೆಯದರ ಕಥೆ ಮುಂದೆ ಹೇಳುತ್ತೇನೆ. ಹುಡುಗನಿಗೆ ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮ ಕಡೆ ಮುಂದೆ ದೊಡ್ಡ ಬಕೆಟ್, ಹಿಂದೆ ಸಣ್ಣ ಬಕೆಟ್ ಇರುವ ಟೈರ್ ಗಾಡಿ ಯಾವ ಕಂಪನಿಯದಾದರೂ ಅದು ಜೆಸಿಬಿ. ಚೈನ್ ಮೇಲೆ ಓಡುವುದು ಯಾರು ಮಾಡಿದ್ದಾದರೂ ಹಿಟಾಚಿ. ಆದರೆ ಜೆಸಿಬಿ ಅನ್ನುವುದು 1945ರಲ್ಲಿ ಇಂಗ್ಲೆಂಡಿನಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಶುರು ಮಾಡಿದ ಕಂಪನಿ. ಆ ಕಂಪನಿ ಚೈನ್ ಗಾಡಿಯನ್ನೂ ಮಾಡುತ್ತದೆ. ಅದಕ್ಕೆ ನಮ್ಮವರು 'ಜೆಸಿಬಿ ಹಿಟಾಚಿ' ಅಂತಾರೆ! ಧಾರವಾಡದಲ್ಲಿ ಕಾರ್ಖಾನೆ ಇರುವ ಟಾಟಾ ಹಿಟಾಚಿಯವರು ಶಿನ್ರಾಯ್ ಎಂಬ ಟೈರ್ ಗಾಡಿ ಮಾಡುತ್ತಾರೆ, ಅದು 'ಹಿಟಾಚಿ ಜೆಸಿಬಿ'. ಮಾತಿಗೆ ಇದು ಪರವಾಗಿಲ್ಲ. ದುಡ್ಡು ಕೊಡುವಾಗ ಮಾತ್ರ ಕಂಪನಿ, ಮಾಡೆಲ್, ವರ್ಷ ಮೂರನ್ನೂ ಬಿಡಿಬಿಡಿಯಾಗಿ ಕೇಳಿ. "ಹಿಟಾಚಿ 200" ಅಂತ ಫೋನಿನಲ್ಲಿ ಹೇಳಿ, ಹೋಗಿ ನೋಡಿದರೆ ಬೇರೆ ಯಾವುದೋ ಕಂಪನಿಯ ಗಾಡಿ ನಿಂತಿರುತ್ತದೆ.

ಯಾವ ಕೆಲಸಕ್ಕೆ ಯಾವ ಗಾಡಿ

ಹಳ್ಳಿ, ಸಣ್ಣ ಪಟ್ಟಣದಲ್ಲಿ ಮೊದಲ ಸಲ ಕೊಳ್ಳುವವರ ಮುಂದೆ ಇರುವುದು ಹೆಚ್ಚಾಗಿ ಮೂರೇ ದಾರಿ. ಜೆಸಿಬಿ 3ಡಿಎಕ್ಸ್ ತರದ ಟೈರ್ ಗಾಡಿ, 7 ಟನ್ನಿನ ಸಣ್ಣ ಚೈನ್ ಗಾಡಿ, 20 ಟನ್ನಿನ ದೊಡ್ಡದು (ಟನ್ ಅಂದರೆ ಇಲ್ಲಿ ಗಾಡಿಯದೇ ತೂಕ).

ಜೆಸಿಬಿಯ ದೊಡ್ಡ ಗುಣ ಅಂದರೆ ಅದು ತಾನೇ ರಸ್ತೆ ಮೇಲೆ ಹೋಗುತ್ತದೆ. ಬೆಳಗ್ಗೆ ಲಕ್ಕವಳ್ಳಿಯಲ್ಲಿ ಎರಡು ಗಂಟೆ ಪಾಯ ತೋಡಿ, ಮಧ್ಯಾಹ್ನ ತರೀಕೆರೆಗೆ ಬಂದು ಟ್ರ್ಯಾಕ್ಟರಿಗೆ ಮಣ್ಣು ತುಂಬಿ, ಸಂಜೆ ದಾರಿಯಲ್ಲಿ ಯಾರದೋ ತೆಂಗಿನ ಬುಡ ಕಿತ್ತು ಮನೆಗೆ ಬರಬಹುದು. ಹಿಂದಿನ ಬಕೆಟ್ಟಿನಲ್ಲಿ ಸುಮಾರು 15 ಅಡಿ ಆಳ ತೋಡುತ್ತದೆ. ಮುಂದಿನ ಬಕೆಟ್ಟಿನಲ್ಲಿ ತುಂಬುತ್ತದೆ, ತಳ್ಳುತ್ತದೆ, ಮಟ್ಟ ಮಾಡುತ್ತದೆ. ಡೀಸೆಲ್ ಗಂಟೆಗೆ 4ರಿಂದ 6 ಲೀಟರ್. ತೊಂದರೆ ಏನಪ್ಪಾ ಅಂದರೆ ಅಗೆತದಲ್ಲಿ ನಿಧಾನ. ಸೀಟು ತಿರುಗಿಸಿ, ಗಾಡಿ ಅಲ್ಲಾಡದಂತೆ ಹಿಂದಿನ ಎರಡು ಕಬ್ಬಿಣದ ಕಾಲು ಊರಿ, ನಾಲ್ಕು ಬಕೆಟ್ ತೋಡಿ, ಕಾಲೆತ್ತಿ, ಮುಂದೆ ಸರಿದು, ಮತ್ತೆ ಕಾಲು ಊರಬೇಕು. ಮಳೆ ಬಿದ್ದ ತೋಟಕ್ಕೆ ಇಳಿದರೆ ಟೈರ್ ಹೂತುಹೋಗುತ್ತದೆ. ಅಜ್ಜಂಪುರದ ಎರೆ ಹೊಲಕ್ಕೆ ಜುಲೈನಲ್ಲಿ ಜೆಸಿಬಿ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

20 ಟನ್ನಿನ ಗಾಡಿ ಬೇರೆಯದೇ ಪ್ರಾಣಿ. ಜೆಸಿಬಿಯ ಹಿಂದಿನ ಬಕೆಟ್ಟಿನಂಥ ನಾಲ್ಕು ಬಕೆಟ್ ಮಣ್ಣನ್ನು ಒಂದೇ ಸಲ ಎತ್ತುತ್ತದೆ. ನಿಂತಲ್ಲೇ ಸುತ್ತ ತಿರುಗುತ್ತದೆ. 20 ಅಡಿಗಿಂತ ಆಳ ಹೋಗುತ್ತದೆ. ಕೆರೆ ಹೂಳು, ಕಾಲುವೆ, ಲೇಔಟ್, ಕಲ್ಲು ಕ್ವಾರಿ ಇಂಥ ಕಡೆ ಇದರ ಮುಂದೆ ಜೆಸಿಬಿ ಆಟಿಕೆ. ಆದರೆ ಗಂಟೆಗೆ 12ರಿಂದ 15 ಲೀಟರ್ ಡೀಸೆಲ್ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ಗಂಟೆಗೆ ಸಾವಿರದ ಮೇಲೆ ಬರೀ ಎಣ್ಣೆಗೇ ಹೋಯಿತು.

ಇನ್ನೊಂದು ಖರ್ಚು ಕೊಳ್ಳುವ ದಿನ ಯಾರಿಗೂ ನೆನಪಿಗೆ ಬರುವುದಿಲ್ಲ. ಅದು ಟ್ರೈಲರ್. ಹೋಗಿ ಬರಲು ಟ್ರೈಲರ್ ಬಾಡಿಗೆ 6,000 ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕೆಲಸ 60 ಗಂಟೆ ಇದ್ದರೆ ಗಂಟೆಗೆ 100 ರೂಪಾಯಿ ಬಿತ್ತು, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೆಲಸ 6 ಗಂಟೆಯದಾದರೆ ಗಂಟೆಗೆ 1,000. ಅದನ್ನು ಯಾವ ರೈತ ಕೊಡುತ್ತಾನೆ? ಒಂದೇ ಜಾಗದಲ್ಲಿ ವಾರಗಟ್ಟಲೆ ನಿಲ್ಲುವ ಕೆಲಸ ಕೈಯಲ್ಲಿದ್ದರೆ ಮಾತ್ರ ದೊಡ್ಡ ಗಾಡಿ. ಅದೂ ಸುಮ್ನೆ ಬಾಯಿಮಾತಿನ ಕೆಲಸ ಅಲ್ಲ, ವರ್ಕ್ ಆರ್ಡರ್ ಇರುವ ಕಂಟ್ರಾಕ್ಟರ್ ಜೊತೆ ಮಾತಾಗಿರಬೇಕು.

ಮಧ್ಯದ 7 ಟನ್ನಿನದನ್ನು ಜನ ಮರೆಯುತ್ತಾರೆ. ನನ್ನ ಕೇಳಿದರೆ ಮಲೆನಾಡಿನ ಅಂಚಿನಲ್ಲಿರುವವರಿಗೆ ಇದೇ ಸರಿ. ಭಾರ ಹೆಚ್ಚುಕಮ್ಮಿ ಜೆಸಿಬಿಯಷ್ಟೇ. ಆದರೆ ಆ ಭಾರ ಉದ್ದನೆಯ ಎರಡು ಚೈನ್ ಮೇಲೆ ಹರಡುವುದರಿಂದ ಹಸಿ ನೆಲದಲ್ಲಿ ಹೂಳುವುದು ಕಡಿಮೆ. ಅಡಿಕೆ ಸಾಲಿನ ನಡುವೆ ಮರಕ್ಕೆ ತಾಗಿಸದೆ ಚರಂಡಿ ತೆಗೆಯಬಹುದು. ಕಾಫಿ ತೋಟದ ಇಳಿಜಾರಿನಲ್ಲಿ ರಸ್ತೆ ಬಿಡಿಸಬಹುದು. ಸಾಗಿಸಲು ದೊಡ್ಡ ಟ್ರೈಲರ್ ಬೇಡ, ಸಣ್ಣದು ಸಾಕು. ಇದಕ್ಕೆ ಅಷ್ಟಾಗಿ ಒಗ್ಗದ ಕೆಲಸ ಅಂದರೆ ತುಂಬುವುದು. ಟ್ರ್ಯಾಕ್ಟರಿಗೆ ಜಲ್ಲಿ ತುಂಬಿಕೊಡಿ ಅಂತ ಕರೆಯುವ ಊರಿನಲ್ಲಿದ್ದರೆ ಜೆಸಿಬಿಗೇ ಹೋಗಿ.

ಎಲ್ಲಿ ದುಡಿದು ಬಂದಿದೆ?

ಗಾಡಿ ನೋಡಲು ಹೋದವರು ಮೊದಲು ಕೇಳುವುದು "ಯಾವ ವರ್ಷದ್ದು, ಎಷ್ಟು ಗಂಟೆ ಓಡಿದೆ" ಅಂತ. ನಾನು ಕೇಳುವುದು ಯಾವ ಊರಲ್ಲಿ, ಯಾವ ಕೆಲಸದಲ್ಲಿತ್ತು ಅಂತ. ಹತ್ತು ವರ್ಷ ಹಳ್ಳಿಯಲ್ಲಿ ಕೆಂಪು ಮಣ್ಣು ತೋಡಿದ ಗಾಡಿ, ಮೂರು ವರ್ಷ ಕ್ವಾರಿಯಲ್ಲಿ ಬಂಡೆ ಒಡೆದ ಗಾಡಿಗಿಂತ ಗಟ್ಟಿಯಾಗಿರುತ್ತದೆ. ಹುಟ್ಟಿದ ವರ್ಷ ನೋಡಿ ರೇಟು ಕಟ್ಟಿದರೆ ಕೆಟ್ಟೆವು.

ಮಾರುವವರು ಬಾಯಿ ಬಿಡುವುದಿಲ್ಲ, ಅಲ್ವಾ? ಗಾಡಿಯೇ ಹೇಳುತ್ತದೆ. ಒಂದು ಹಳೇ ಸ್ಕ್ರೂಡ್ರೈವರ್ ತಗೊಂಡು ಹೋಗಿ. ಹೊಟ್ಟೆ ಕೆಳಗಿನ ಪ್ಲೇಟಿನ ಸಂದಿ, ಸೀಟಿನ ಅಡಿ, ಬ್ಯಾಟರಿ ಪೆಟ್ಟಿಗೆಯ ಮೂಲೆ, ಇಲ್ಲಿ ವಾಟರ್ ವಾಶ್‌ನ ನೀರು ಹೋಗಿರುವುದಿಲ್ಲ. ಕೆರೆದರೆ ಹಳೇ ಮಣ್ಣು ಉದುರುತ್ತದೆ. ಕಪ್ಪಗೆ ಗಟ್ಟಿಯಾಗಿ ಬಂದರೆ ಎರೆ ನೆಲ. ಬೂದಿ ಬಣ್ಣದ ನುಣ್ಣನೆ ಪುಡಿ ಬಂದರೆ ಕ್ರಷರ್. ಕುಂಕುಮದ ಹಾಗೆ ಬೆರಳಿಗೆ ಅಂಟಿ, ತೊಳೆದರೂ ಬಿಡದ ಕೆಂಪು ಬಂದರೆ ಸಂಡೂರು, ಹೊಸಪೇಟೆ ಕಡೆಯ ಅದಿರು. ಅದಿರು ಮಣ್ಣಿಗಿಂತ ಎಷ್ಟೋ ತೂಕ. ಅದೇ ಬಕೆಟ್ಟಿನಲ್ಲಿ ವರ್ಷಗಟ್ಟಲೆ ಅಷ್ಟು ಭಾರ ಎತ್ತಿದ ತೋಳು, ಪಿನ್ನು, ಪಂಪು ಹೇಗಿರಬೇಡ ಯೋಚಿಸಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಕೆಲಸವಿಲ್ಲದೆ ನಿಂತ ಮೆಷಿನ್‌ಗಳನ್ನು ಅಗ್ಗಕ್ಕೆ ಸಿಕ್ಕಿತು ಅಂತ ತಂದವರು ನಮ್ಮ ಕಡೆಯೂ ಇದ್ದರು. ಅವರ ಮಾತು ಕೇಳಿಯೇ ನಾನು ಸ್ಕ್ರೂಡ್ರೈವರ್ ಇಟ್ಟುಕೊಳ್ಳಲು ಕಲಿತದ್ದು.

ಕರಾವಳಿಯಿಂದ ಬಂದ ಗಾಡಿಯಾದರೆ ಮಣ್ಣಿಗಿಂತ ತುಕ್ಕು ನೋಡಿ. ಕ್ಯಾಬಿನ್ ಮ್ಯಾಟ್ ಎತ್ತಿ, ವೈರ್‌ಗಳ ಕನೆಕ್ಟರ್ ಬಿಚ್ಚಿಸಿ. ಹಸಿರು ಪಾಚಿಯ ಹಾಗೆ ತಾಮ್ರ ತಿಂದಿದ್ದರೆ ಮುಂದೆ ಕರೆಂಟಿನ ತಾಪತ್ರಯ ತಪ್ಪಿದ್ದಲ್ಲ.

ಬ್ರೇಕರ್, ಅಂದರೆ ಬಕೆಟ್ ಜಾಗದಲ್ಲಿ ಕೂರಿಸುವ ಬಂಡೆ ಒಡೆಯುವ ಸುತ್ತಿಗೆ, ಹಾಕಿದ್ದರೋ ಇಲ್ಲವೋ ಅನ್ನುವುದು ಇನ್ನೂ ಮುಖ್ಯ. ಬ್ರೇಕರಿಗೆ ತೋಳಿನ ಉದ್ದಕ್ಕೂ ಬೇರೆ ಎಣ್ಣೆ ಪೈಪ್ ಎಳೆದಿರುತ್ತಾರೆ. ಮಾರುವ ಮೊದಲು ಪೈಪ್ ಬಿಚ್ಚಿ ಪೇಂಟ್ ಹೊಡೆಯುತ್ತಾರೆ. ಆದರೆ ಪೈಪ್ ಹಿಡಿದಿದ್ದ ಕ್ಲ್ಯಾಂಪಿನ ವೆಲ್ಡಿಂಗ್ ಗುರುತು ಹೋಗುವುದಿಲ್ಲ. ತೋಳಿನ ಮೇಲೆ ಅಂಗೈ ಸವರಿಕೊಂಡು ಹೋಗಿ, ಉಬ್ಬು ಸಿಗುತ್ತದೆ. ಬ್ರೇಕರಿನ ಅದುರಿಕೆಗೆ ತೋಳಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಬಂದಿರಬಹುದು. ಹಾಗಂತ ಬ್ರೇಕರ್ ಹಾಕಿದ ಗಾಡಿಯೆಲ್ಲ ಕೆಟ್ಟದ್ದು ಅಂತಲ್ಲ. ಹಾಕಿದ್ದೆ ಅಂತ ಒಪ್ಪಿಕೊಂಡು ರೇಟು ಇಳಿಸುವವರ ಹತ್ತಿರ ಮಾತಾಡಬಹುದು. ಹಾಕಿಯೇ ಇಲ್ಲ ಅಂತ ಆಣೆ ಹಾಕುವವರನ್ನು ಬಿಟ್ಟು ಬನ್ನಿ.

ಗಂಟೆ ಮೀಟರಿನ ಮಾತು

ಮೀಟರ್ ಬದಲಿಸುವುದು ಕಷ್ಟದ ಕೆಲಸ ಏನಲ್ಲ. 3,900 ಗಂಟೆ ತೋರಿಸುವ ಗಾಡಿಯ ಪೆಡಲ್ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿದ್ದರೆ, ಲಿವರ್ ಗುಂಡಿನ ಅಕ್ಷರ ಅಳಿಸಿಹೋಗಿದ್ದರೆ, ಸೀಟು ಎಡಕ್ಕೆ ವಾಲಿದ್ದರೆ ಮೀಟರನ್ನು ನಂಬಬೇಡಿ. ಈಗಿನ ಎಷ್ಟೋ ಗಾಡಿಗಳಲ್ಲಿ ಕಂಪನಿಯೇ ದೂರದಿಂದ ಲೆಕ್ಕ ಇಡುವ ವ್ಯವಸ್ಥೆ ಇದೆ. ಜೆಸಿಬಿಯದಕ್ಕೆ ಲೈವ್‌ಲಿಂಕ್ ಅಂತಾರೆ, ಕೊಮಾಟ್ಸುವಿನದು ಕಾಮ್‌ಟ್ರಾಕ್ಸ್, ವೋಲ್ವೋದು ಕೇರ್‌ಟ್ರ್ಯಾಕ್. ಮಾಲೀಕರ ಮೊಬೈಲಿನಲ್ಲಿ ಅದನ್ನು ತೆರೆದು ತೋರಿಸಲು ಹೇಳಿ. ಇಲ್ಲದಿದ್ದರೆ ಡೀಲರ್ ಸರ್ವಿಸ್ ಮಾಡಿದ ಬಿಲ್ ಕೇಳಿ, ಪ್ರತಿ ಬಿಲ್ಲಿನ ಮೇಲೂ ಆ ದಿನದ ಗಂಟೆ ಬರೆದಿರುತ್ತದೆ.

ಮುಟ್ಟಿ, ಓಡಿಸಿ, ಕಾದು ನೋಡಿ

ಮೂರನೆಯ ಗಾಡಿಯ ಕಥೆ ಅಂದೆನಲ್ಲ. ಅದು 20 ಟನ್ನಿನ ಚೈನ್ ಗಾಡಿ. ಬೆಳಗ್ಗೆ ಹತ್ತಕ್ಕೆ ಹೋದೆ. ಹೊಸ ಪೇಂಟ್, ಹೊಸ ಸೀಟ್ ಕವರ್, ಡ್ಯಾಶ್‌ಬೋರ್ಡಿನ ಮೇಲೆ ಊದಿನಕಡ್ಡಿ. ಅರ್ಧ ಗಂಟೆ ಓಡಿಸಿದೆ, ಬೆಣ್ಣೆ ಹಾಗೆ ಕೆಲಸ ಮಾಡಿತು. ದುಡ್ಡು ಕೊಟ್ಟು ತಂದೆ. ಮಾರನೇ ದಿನ ಕೆರೆಗೆ ಇಳಿಸಿದರೆ ಎರಡು ಗಂಟೆಗೆ ಸುಸ್ತು. ತೋಳು ಏಳುತ್ತಿಲ್ಲ, ತಿರುಗುವಾಗ ನರಳಾಟ. ಅರ್ಧ ಗಂಟೆ ನಿಲ್ಲಿಸಿ ತಣ್ಣಗಾದ ಮೇಲೆ ಮತ್ತೆ ಸರಿಹೋಗುತ್ತಿತ್ತು. ತೋಳು, ಬಕೆಟ್ ಆಡಿಸುವ ಹೈಡ್ರಾಲಿಕ್ ಎಣ್ಣೆ ಬಿಸಿಯಾದರೆ ತೆಳ್ಳಗಾಗುತ್ತದೆ. ಪಂಪ್ ಒಳಗೆ ಸವೆದಿದ್ದರೆ ತೆಳ್ಳಗಿನ ಎಣ್ಣೆ ಒಳಗೊಳಗೇ ಸೋರಿ ಒತ್ತಡ ಬೀಳುತ್ತದೆ. ತಣ್ಣಗಿರುವಾಗ ಇದು ಗೊತ್ತೇ ಆಗುವುದಿಲ್ಲ. ಪಂಪ್ ಕೆಲಸಕ್ಕೆ ಎರಡೂಕಾಲು ಲಕ್ಷ ಬಿಲ್ ಆಯಿತು. ಗಾಡಿ ಇಪ್ಪತ್ತು ದಿನ ಶೆಡ್ಡಿನಲ್ಲಿ ನಿಂತದ್ದು ಬೇರೆ. ಮಾರಿದ ಪುಣ್ಯಾತ್ಮ ಮತ್ತೆ ಫೋನ್ ಎತ್ತಲಿಲ್ಲ.

ಅವತ್ತಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗುವುದು. ಬಾನೆಟ್ ಮೇಲೆ ಕೈಯಿಟ್ಟಾಗ ಬೆಚ್ಚಗಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡಲು ಮೊದಲೇ ಓಡಿಸಿಟ್ಟಿದ್ದಾರೆ ಅಂತ ಅರ್ಥ. ಆಮೇಲೆ ಎರಡು ಗಂಟೆ ನಿಜವಾದ ಮಣ್ಣಿನಲ್ಲಿ ಕೆಲಸ ಮಾಡಿಸುವುದು. ಡೀಸೆಲ್ ನಾನೇ ಹಾಕಿಸುತ್ತೇನೆ ಎನ್ನುತ್ತೇನೆ, ಆಗ ಬೇಡ ಅನ್ನಲು ಅವರಿಗೆ ನೆಪ ಇರುವುದಿಲ್ಲ. ಎರಡು ಸಾವಿರದ ಡೀಸೆಲ್ ಹೋದರೆ ಹೋಗಲಿ.

ಆ ಎರಡು ಗಂಟೆಯಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಇಂಜಿನ್ ಓಡುವಾಗ ಇಂಜಿನ್ ಆಯಿಲ್ ಹಾಕುವ ಮುಚ್ಚಳ ಬಿಚ್ಚಿಸಿ. ಹೊಗೆ ಬುಸುಬುಸು ಅಂತ ಮುಖಕ್ಕೆ ಹೊಡೆದರೆ ಪಿಸ್ಟನ್, ರಿಂಗ್ ಕೆಲಸ ಕಾದಿದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ನಿಲ್ಲದೆ ಬಂದರೂ ಅದೇ ಕಥೆ. ಹೈಡ್ರಾಲಿಕ್ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಬಕೆಟ್ ತುಂಬ ಮಣ್ಣು ಎತ್ತಿ ಹಿಡಿದು ಇಂಜಿನ್ ಆಫ್ ಮಾಡಿಸಿ, ದೂರ ಕೂತು ಒಂದು ಟೀ ಕುಡಿಯಿರಿ. ಟೀ ಮುಗಿಯುವುದರೊಳಗೆ ತೋಳು ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಸಿಲಿಂಡರ್ ಸೀಲೋ ವಾಲ್ವೋ ಕೈಕೊಟ್ಟಿದೆ. ಕೆಳಗೆ ಮಾತ್ರ ನಿಲ್ಲಬೇಡಿ.

ತೋಳಿನ ಕೀಲುಗಳಲ್ಲಿರುವ ಪಿನ್ನು, ಬುಶ್ ಎಷ್ಟು ಸಡಿಲವಾಗಿವೆ ಅಂತ ನೋಡಲು ಬಕೆಟ್ಟನ್ನು ನೆಲಕ್ಕೆ ತಾಗಿಸಿ, ತೋಳನ್ನು ಒಂದಿಂಚು ಮೇಲೆ ಕೆಳಗೆ ಮಾಡಿಸಿ. ಬಕೆಟ್ ಅಲ್ಲಾಡುವ ಮೊದಲೇ ತೋಳು ಅಲ್ಲಾಡಿದರೆ ಅಷ್ಟು ಸವೆದಿದೆ. ಇದು ದೊಡ್ಡ ರೋಗ ಅಲ್ಲ, ಬುಶ್ ಹಾಕಿಸಬಹುದು. ರೇಟು ಇಳಿಸಲು ಒಳ್ಳೆಯ ಅಸ್ತ್ರ.

ಜೆಸಿಬಿಯಲ್ಲಿ ಪ್ರತ್ಯೇಕವಾಗಿ ಗೇರ್ ನೋಡಬೇಕು. ಚೆನ್ನಾಗಿ ಬಿಸಿಯಾದ ಮೇಲೆ ಏರಿನಲ್ಲಿ ನಿಲ್ಲಿಸಿ ಮುಂದೆ, ಹಿಂದೆ ಹಾಕಿಸಿ. ಲಿವರ್ ಹಾಕಿದ ಮೇಲೆ ಗಾಡಿ ಯೋಚನೆ ಮಾಡಿ ಹೊರಡುತ್ತಿದ್ದರೆ ಟ್ರಾನ್ಸ್‌ಮಿಷನ್ ಖರ್ಚು ಹತ್ತಿರದಲ್ಲಿದೆ. ಹಿಂದಿನ ತೋಳನ್ನು ಪೂರ್ತಿ ಚಾಚಿ ಎಡಕ್ಕೆ ಬಲಕ್ಕೆ ತಿರುಗಿಸಿ, ಅದು ತಿರುಗುವ ದಪ್ಪ ಕಂಬದ ಪಿನ್ನಿನಲ್ಲಿ ಕಟಕಟ ಕೇಳುತ್ತದಾ ನೋಡಿ. ಹಿಂದಿನ ಟೈರ್ ಎರಡೂ ಸವೆದಿದ್ದರೆ ಅದರ ರೇಟು ಮೊದಲೇ ಕೇಳಿಕೊಂಡು ಹೋಗಿ.

ಚೈನ್ ಗಾಡಿಯಲ್ಲಿ ಖರ್ಚೆಲ್ಲ ಕಾಲಿನಲ್ಲಿದೆ. ಚೈನ್, ರೋಲರ್, ಐಡ್ಲರ್, ಚೈನ್ ಎಳೆಯುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್, ಇವು ಒಂದನ್ನೊಂದು ತಿನ್ನುತ್ತವೆ. ಸ್ಪ್ರಾಕೆಟ್ ಹಲ್ಲು ಮೊಂಡಾಗಿದ್ದರೆ ಒಳ್ಳೆಯದು, ಚೂಪಾಗಿ ಹುಲಿ ಉಗುರಿನ ಹಾಗೆ ಆಗಿದ್ದರೆ ಮುಗಿದಿದೆ. ಆಗ ಹೊಸ ಚೈನ್ ಮಾತ್ರ ಹಾಕಿದರೆ ಆ ಹಲ್ಲು ಹೊಸ ಚೈನನ್ನೂ ತಿಂದುಹಾಕುತ್ತದೆ. ಮಟ್ಟ ನೆಲದಲ್ಲಿ ಎರಡೂ ಪೆಡಲ್ ಪೂರ್ತಿ ಒತ್ತಿ ಐವತ್ತು ಹೆಜ್ಜೆ ಓಡಿಸಿ. ಗಾಡಿ ತಾನಾಗಿ ಒಂದು ಪಕ್ಕಕ್ಕೆ ಎಳೆದರೆ ಆ ಕಡೆಯ ಮೋಟರ್ ಅಥವಾ ಪಂಪ್ ಸೋತಿದೆ. ಮೇಲಿನ ಮನೆ, ಅಂದರೆ ಕ್ಯಾಬಿನ್, ಇಂಜಿನ್ ಇರುವ ಭಾಗ, ತಿರುಗುವ ದೊಡ್ಡ ಬೇರಿಂಗ್ ನೋಡುವುದನ್ನಂತೂ ಬಿಡಲೇಬೇಡಿ. ಬಕೆಟ್ ಊರಿ ಮುಂಭಾಗವನ್ನು ಸ್ವಲ್ಪ ಎತ್ತಿಸಿ ಬಿಡಿಸಿ, ದೂರದಿಂದ ಟಾರ್ಚ್ ಬಿಟ್ಟು ಮೇಲಿನ ಮನೆಗೂ ಚಾಸಿಗೂ ನಡುವಿನ ಸಂದಿ ನೋಡಿ. ಸಂದಿ ಬಾಯಿ ಬಿಟ್ಟು ಮುಚ್ಚಿದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಕಾಗದ

ಇಲ್ಲಿ ಎರಡು ಗಾಡಿಗೂ ಅಜಗಜಾಂತರ. ಜೆಸಿಬಿ ಟೈರ್ ಗಾಡಿ, ಆರ್‌ಟಿಒದಲ್ಲಿ ನೋಂದಣಿ ಆಗಿರುತ್ತದೆ. ಆರ್‌ಸಿ, ಇನ್ಶೂರೆನ್ಸ್ ಎಲ್ಲ ಇರಬೇಕು. ವರ್ಗಾವಣೆಗೆ ಫಾರಂ 29 ಮತ್ತು 30, ಸಾಲ ತೀರಿದ್ದಕ್ಕೆ ಫಾರಂ 35, ಬೇರೆ ರಾಜ್ಯದ್ದಾದರೆ ಅಲ್ಲಿಯ ಎನ್‌ಒಸಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 2011ರ ಗಾಡಿ ಕೊಳ್ಳುವವರು 2026ರಲ್ಲಿ ನವೀಕರಣಕ್ಕೆ ಓಡಾಡಬೇಕು ಅನ್ನುವುದು ಲೆಕ್ಕದಲ್ಲಿರಲಿ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರನ್ನೇ ಕೋರ್ಟ್ ಮಾಲೀಕ ಅಂತ ನೋಡುತ್ತದೆ. ಹಾಗಾಗಿ ಹೆಸರು ಬದಲಿಸಲು ನಮಗಿಂತ ಮಾರುವವರಿಗೇ ಅವಸರ ಇರಬೇಕು. "ಆಮೇಲೆ ಮಾಡ್ಕೊಳ್ಳೋಣ ಬಿಡಿ" ಅಂದರೆ ಎಲ್ಲೋ ಸಾಲ ಉಳಿದಿದೆ ಅಂತಲೇ ನನ್ನ ಅನುಮಾನ.

ಚೈನ್ ಗಾಡಿಗೆ ಸಾಮಾನ್ಯವಾಗಿ ಆರ್‌ಸಿಯೇ ಇರುವುದಿಲ್ಲ. ಮಾಲೀಕತ್ವಕ್ಕೆ ಆಧಾರ ಅಂದರೆ ಮೊದಲ ಇನ್‌ವಾಯ್ಸ್, ಅಲ್ಲಿಂದ ಕೈ ಬದಲಾದಂತೆ ಬಂದ ಮಾರಾಟ ಪತ್ರಗಳು. ಒಂದು ಕೊಂಡಿ ತಪ್ಪಿದರೂ ಗಾಡಿ ಯಾರದು ಅಂತ ಹೇಳಲಾಗುವುದಿಲ್ಲ. ಇನ್‌ವಾಯ್ಸಿನ ಸೀರಿಯಲ್ ನಂಬರನ್ನು ರಿವೆಟ್ ಹೊಡೆದ ತಗಡಿನ ಜೊತೆ ಮಾತ್ರ ಅಲ್ಲ, ಚಾಸಿಯ ಮೇಲೆ ಕೊರೆದ ನಂಬರಿನ ಜೊತೆಯೂ ತಾಳೆ ನೋಡಿ. ತಗಡು ಬದಲಿಸಬಹುದು. ಸಾಲ ಬಾಕಿ ಇದ್ದರೆ ದುಡ್ಡನ್ನು ಮಾಲೀಕರ ಕೈಗೆ ಕೊಡಬೇಡಿ. ಅವರನ್ನು ಕರಕೊಂಡು ಫೈನಾನ್ಸ್ ಆಫೀಸಿಗೆ ಹೋಗಿ ಸಾಲದ ಖಾತೆಗೇ ಕಟ್ಟಿ, ಎನ್‌ಒಸಿ ಮತ್ತು ಒರಿಜಿನಲ್ ಇನ್‌ವಾಯ್ಸ್ ಬಿಡಿಸಿಕೊಳ್ಳಿ.

ಯಾರ ಹತ್ತಿರ ಕೊಳ್ಳುವುದು ಅನ್ನುವುದಕ್ಕೆ ನನ್ನ ಉತ್ತರ ಚಿಕ್ಕದು. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುತ್ತಿದ್ದ ಮಾಲೀಕ ಸಿಕ್ಕರೆ ಐವತ್ತು ಸಾವಿರ ಜಾಸ್ತಿಯಾದರೂ ಅಲ್ಲೇ ತಗೊಳ್ಳಿ. ಗ್ರೀಸ್ ಹೊಡೆಯದೆ ಅವನಿಗೆ ನಿದ್ದೆ ಬಂದಿರುವುದಿಲ್ಲ. ಫೈನಾನ್ಸಿನವರು ಸೀಜ್ ಮಾಡಿ ಹರಾಜಿಗಿಟ್ಟ ಗಾಡಿ ಅಗ್ಗ. ಆದರೆ 'ಇದ್ದದ್ದು ಇದ್ದ ಹಾಗೆ' ಎಂಬ ಷರತ್ತಿನ ಮೇಲೆ ಕೊಡುತ್ತಾರೆ, ಮಣ್ಣಿನಲ್ಲಿ ಓಡಿಸಿ ನೋಡಲು ಬಿಡುವುದು ಕಡಿಮೆ. ಕಂತು ಕಟ್ಟಲಾಗದವನು ಕೊನೆಯ ಆರು ತಿಂಗಳು ಎಣ್ಣೆ ಬದಲಿಸಿರುತ್ತಾನಾ? ಮೆಕ್ಯಾನಿಕ್ ಮನೆಯಲ್ಲೇ ಇದ್ದರೆ ಮಾತ್ರ ಹರಾಜಿಗೆ ಹೋಗಿ. ಬ್ರೋಕರ್ ಮೂಲಕವಾದರೆ ಕಮಿಷನ್ ಎಷ್ಟು, ಯಾರು ಕೊಡುವುದು ಅಂತ ಮೊದಲೇ ಮಾತಾಗಲಿ.

ಜೆಸಿಬಿ ಕೊಳ್ಳುವವರಿಗೆ ಇನ್ನೊಂದು ಮಾತು. ಟೈರಿನ ಗಾಡಿಗಳಿಗೆ ಹೊಗೆಯ ನಿಯಮ 2021ರ ಏಪ್ರಿಲ್‌ನಲ್ಲಿ ಬಿಗಿಯಾಯಿತು, 2025ರ ಜನವರಿಯಲ್ಲಿ ಮತ್ತೆ ಬಿಗಿಯಾಯಿತು. 2021ಕ್ಕಿಂತ ಹಳೆಯ ಗಾಡಿಗಳನ್ನು ಊರಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದೇ ಸರಿಮಾಡುತ್ತಾನೆ. ಆಮೇಲಿನ ಹಲವು ಗಾಡಿಗಳಲ್ಲಿ ಸೆನ್ಸರ್ ಜಾಸ್ತಿ, ಲ್ಯಾಪ್‌ಟಾಪ್ ಹಿಡಿದು ಕಂಪನಿಯವರೇ ಬರಬೇಕು. ಡೀಲರ್ ವರ್ಕ್‌ಶಾಪ್ ಒಂದು ಗಂಟೆ ದೂರದಲ್ಲಿದ್ದರೆ ಹೊಸದಕ್ಕೆ ಹೋಗಿ. ಕೊಪ್ಪ, ಶೃಂಗೇರಿಯ ಒಳಗಡೆ ಇದ್ದರೆ 2018, 2019ರ ಗಾಡಿ ನೆಮ್ಮದಿ.

ಅಕ್ಕನ ಮಗ ಕೊನೆಗೂ ಆ 20 ಟನ್ನಿನ ಗಾಡಿ ನೋಡಲು ಹೋಗಿದ್ದ. ಸಂಜೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಅವನ ತೋರುಬೆರಳು, ತುದಿಯೆಲ್ಲ ಕುಂಕುಮದ ಬಣ್ಣ. ಕೆಳಗೆ ಏನೂ ಬರೆದಿರಲಿಲ್ಲ. ಈಗ ಬಾಳೆಹೊನ್ನೂರಿನ ಹತ್ತಿರ ಒಂದು ಕಾಫಿ ತೋಟದ 7 ಟನ್ನಿನ ಗಾಡಿ ನೋಡಿಟ್ಟಿದ್ದಾನೆ. ತೋಟದವರು ಹತ್ತು ಗಂಟೆಗೆ ಬನ್ನಿ, ಸ್ಟಾರ್ಟ್ ಮಾಡಿ ಇಟ್ಟಿರ್ತೀವಿ ಅಂದರಂತೆ. "ನಾನು ಆರಕ್ಕೇ ಹೋಗಿ ಗೇಟಿನ ಹತ್ತಿರ ಕೂತಿರ್ತೀನಿ ಮಾವ" ಅಂದ.